ವಾರಿಜಮ್ಮನವರ ಅಮೈನೋ ತೀರ್ಥ

ಕುಮಾರಸ್ವಾಮಿ ಲೇಔಟಿನ ಎರಡನೇ ಹಂತದಲ್ಲಿ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಗಲಿ, ಸೀಮಂತವಾಗಲಿ, ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವುದೇ ಆಗಲಿ, ವಾರಿಜಮ್ಮನವರ ಭಜನಾ ಮಂಡಳಿ ಬಂದು ನಾಲ್ಕು ಹಾಡು ಹೇಳದಿದ್ದರೆ ಕಾರ್ಯ ಆದಂತೆ ಯಾರೂ ಒಪ್ಪುವುದಿಲ್ಲ. ಹದಿನೆಂಟು ಹೆಂಗಸರು, ಹದಿನೆಂಟು ಒಂದೇ ಬಣ್ಣದ ಸೀರೆ, ಪ್ಲಾಸ್ಟಿಕ್ ಹೊದಿಕೆ ಹಾಕಿದ ಹದಿನೆಂಟು ಹಾಡಿನ ಪುಸ್ತಕ. ಹಿತ್ತಾಳೆ ತಾಳ ಮಾತ್ರ ಒಂದೇ ಜೊತೆ. ಅದು ಇಪ್ಪತ್ತೈದು ವರ್ಷದಿಂದ ವಾರಿಜಮ್ಮನವರ ಕೈಯಲ್ಲಿ. ಉಳಿದವರು ಚಪ್ಪಾಳೆ ತಟ್ಟಬೇಕು, ಅದೂ ವಾರಿಜಮ್ಮ ಕಣ್ಣು ಬಿಟ್ಟು ನೋಡಿದ ಮೇಲೆ.

ವಾರಿಜಮ್ಮನವರಿಗೆ ಅರವತ್ತಾರು. ಎತ್ತರ ಐದಡಿಗೆ ಎರಡಂಗುಲ ಕಡಿಮೆ, ಧ್ವನಿ ಮಾತ್ರ ರಸ್ತೆ ತಿರುವಿನ ತರಕಾರಿ ಗಾಡಿಯವನನ್ನು ಮನೆಯೊಳಗಿಂದಲೇ ನಿಲ್ಲಿಸುವಷ್ಟು. ನಿಯಮ ಎಂದರೆ ಅವರಿಗೆ ಪ್ರಾಣ. ಮಂಡಳಿಯ ನಿಯಮಗಳನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಅದೂ ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ. ಅದರ ಏಳನೆಯ ನಿಯಮ ಹೀಗಿದೆ: ತಾಳ ಹಿಡಿಯುವವರೂ ನುಡಿ ಹೇಳುವವರೂ ದೇವರ ಮುಂದೆ ನೆಲದ ಮೇಲೆಯೇ ಕೂರತಕ್ಕದ್ದು, ಮಂಗಳಾರತಿಗೆ ಯಾರ ಆಸರೆಯೂ ಇಲ್ಲದೆ, ಕೈ ನೆಲಕ್ಕೆ ಊರದೆ, ತಾವಾಗಿಯೇ ಏಳತಕ್ಕದ್ದು, ಏಳಲಾಗದವರು ಹಿಂದಿನ ಸಾಲಿನ ಕುರ್ಚಿಗಳಲ್ಲಿ ಆಸೀನರಾಗಿ ಪಲ್ಲವಿಗೆ ಮಾತ್ರ ದನಿಗೂಡಿಸತಕ್ಕದ್ದು.

ಇದನ್ನು ಬರೆದಾಗ ವಾರಿಜಮ್ಮನವರಿಗೆ ಐವತ್ತು ವರ್ಷ. ಐವತ್ತರ ಮಂಡಿ ಬೇರೆ, ಅರವತ್ತಾರರ ಮಂಡಿ ಬೇರೆ ಎಂದು ಆಗ ಯಾರು ಹೇಳಬೇಕಿತ್ತು? ಹೇಳಿದ್ದರೂ ಕೇಳುವ ಪೈಕಿ ಅಲ್ಲ ಅವರು. ಆ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವರು ಗಿರಿಜಾದೇವಿ. ಮಂಡಳಿ ಕಟ್ಟಿದ ಇಬ್ಬರಲ್ಲಿ ಒಬ್ಬರು, ಕಂಠದಲ್ಲಿ ವಾರಿಜಮ್ಮನವರಿಗಿಂತ ಒಂದು ಕೈ ಮೇಲೆಯೇ. ಮೂರು ವರ್ಷದ ಹಿಂದೆ ಒಂದು ಶುಕ್ರವಾರ ಅವರು ಆರತಿಗೆ ಏಳಲಾರದೆ ಹೋದರು. ಮರುವಾರ ಅವರಿಗೊಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಬಂತು. ಅಂದಿನಿಂದ ಪಲ್ಲವಿಗೆ ಮಾತ್ರ ದನಿ.

ಈಗ ಸರದಿ ವಾರಿಜಮ್ಮನವರದು. ಒಂದು ಬೆಳಿಗ್ಗೆ ದೇವರಮನೆಯಲ್ಲಿ ರಂಗೋಲಿ ಹಾಕಿ ಏಳಲು ಹೋದರೆ ಕಾಲುಗಳು ಮಾತು ಕೇಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು, ಮತ್ತೆ ಕೂತರು. ಕೂಗೋಣವೆಂದರೆ ಯಜಮಾನರು ಸೇತುರಾಮರು ಹಾಲಿಗೆ ಹೋಗಿ, ಹಾಲು ಕೊಂಡು, ಪಾರ್ಕಿನಲ್ಲಿ ನಾಲ್ಕು ಜನರಿಗೆ ದೇಶದ ಪರಿಸ್ಥಿತಿ ವಿವರಿಸಿ ಬರುವ ಹೊತ್ತು. ಅವರು ಬಂದು ಇಣುಕಿದಾಗ ವಾರಿಜಮ್ಮ ಕಣ್ಣು ಮುಚ್ಚಿ ಬೆರಳು ಎಣಿಸುತ್ತಿದ್ದರು.

"ಏನೇ, ಇನ್ನೂ ಮುಗಿದಿಲ್ವಾ?"

"ಇವತ್ತು ಇನ್ನೊಂದು ನೂರೆಂಟು ಮಾಡೋಣ ಅಂತ. ನೀವೂ ಬಂದು ಇಲ್ಲಿ ನಿಂತ್ಕೊಳ್ರೀ, ಪುಣ್ಯ ಬರತ್ತೆ."

ಸೇತುರಾಮರು ಪಕ್ಕಕ್ಕೆ ಬಂದು ನಿಂತರು. ವಾರಿಜಮ್ಮ ಅವರ ಪಂಚೆಯನ್ನೂ ಮೊಣಕೈಯನ್ನೂ ಒಟ್ಟಿಗೆ ಹಿಡಿದು ಎದ್ದರು. ಪಂಚೆ ಉಳಿದದ್ದೇ ದೊಡ್ಡದು.

ಮಂಡಳಿಯ ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೆ ಆಗ ಮೂರೂವರೆ ತಿಂಗಳಿತ್ತು. ಜೆ.ಪಿ. ನಗರದಲ್ಲಿ ಒಂದು ಮಠದ ಸಭಾಂಗಣ ಗೊತ್ತುಮಾಡಿಯಾಗಿತ್ತು. ಬೇರೆ ಮೂರು ಮಂಡಳಿಯವರು ಬರುವವರಿದ್ದರು. ಅಷ್ಟು ಜನರೆದುರು ನೆಲದಿಂದ ಏಳಲಾಗದಿದ್ದರೆ ತಾಳ ಯಾರ ಕೈಗೆ ಹೋಗುತ್ತದೆಂಬುದೂ ಗೊತ್ತಿತ್ತು. ಕಾರ್ಯದರ್ಶಿ ಮೈತ್ರಿಯ ಕೈಗೆ. ನಲವತ್ತೆರಡು ವರ್ಷದ ಚುರುಕು ಹೆಂಗಸು, ಕೆಟ್ಟವಳೇನಲ್ಲ. ಆದರೆ ತಾಳದ ಬದಲು ಬ್ಲೂಟೂತ್ ಸ್ಪೀಕರಿನಲ್ಲಿ ಟ್ರ್ಯಾಕ್ ಹಾಕಿ ಹಾಡೋಣ ಎಂದು ಆರು ತಿಂಗಳಿಂದ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಹಾಕುತ್ತಿದ್ದವಳು. ಆ ಯೋಚನೆ ಬಂದ ರಾತ್ರಿ ವಾರಿಜಮ್ಮ ಊಟ ಬಿಟ್ಟರು.

ಅವರ ಕಷ್ಟವನ್ನು ಮೊದಲು ಕಂಡುಹಿಡಿದವಳು ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಪ್ರಿಯಾಂಕಾ. ಗದಗದ ಕಡೆಯ ಹುಡುಗಿ, ಬನಶಂಕರಿಯಲ್ಲಿ ಹೆಂಗಸರ ಜಿಮ್ಮೊಂದರಲ್ಲಿ ಟ್ರೇನರ್. ವಾರಿಜಮ್ಮ ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತುವುದನ್ನು ನೋಡಿ ಅವಳು ನೇರವಾಗಿ ಹೇಳಿಬಿಟ್ಟಳು.

"ಆಂಟಿ, ನಿಮ್ಮ ತೊಡಿಯೊಳಗಿನ ಸ್ನಾಯು ಖಾಲಿ ಆಗ್ಯಾವ ನೋಡ್ರಿ."

"ಖಾಲಿ ಆಗೋಕೆ ಅದೇನು ಗ್ಯಾಸ್ ಸಿಲಿಂಡರಾ?"

"ಹಂಗ ಅಂತ ತಿಳ್ಕೋರಿ. ತುಂಬ್ಸಾಕ ಬರ್ತೈತಿ. ಮೊದಲ ಡಾಕ್ಟರ್ ಹತ್ರ ಹೋಗಿ ರಕ್ತ ತೋರಿಸ್ರಿ. ಆಮೇಲೆ ದಿನಾ ಬೈಠಕ್ ಹೊಡೀರಿ. ಬ್ಯಾಳಿ, ಹಾಲು, ಮಸರು ಹೊಟ್ಟಿ ತುಂಬ ತಿನ್ರಿ. ಬೇಕಂದ್ರ ಒಂದು ಅಮೈನೋ ಆ್ಯಸಿಡ್ ಪುಡಿ ಐತಿ, ಅದನ್ನೂ ಒಂದೊಂದು ಚಮಚ ತಗೋಬಹುದು."

ಡಾಕ್ಟರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಕಿಡ್ನಿ ಚೆನ್ನಾಗಿದೆ, ಪುಡಿ ಬೇಕಾದರೆ ತಗೊಳ್ಳಿ, ಆದರೆ ನಿಜವಾದ ಔಷಧ ವ್ಯಾಯಾಮವೇ ಎಂದರು. ವಾರಿಜಮ್ಮನವರ ಕಿವಿಗೆ ಬಿದ್ದದ್ದು ಪುಡಿ ಒಂದೇ. ಆ್ಯಸಿಡ್ ಎಂಬ ಮಾತಿಗೆ ಮೊದಲು ಬೆಚ್ಚಿದರು. ಅವರ ಮನೆಯಲ್ಲಿ ಆ್ಯಸಿಡ್ ಇರುತ್ತಿದ್ದುದು ಬಚ್ಚಲು ತೊಳೆಯಲು. ನಮ್ಮ ತೊಗರಿಬೇಳೆಯಲ್ಲಿರುವುದೂ ಅದೇ, ಮೈಯ ಮಾಂಸಖಂಡ ಕಟ್ಟುವ ಇಟ್ಟಿಗೆ ಅದು, ಎಂದು ಪ್ರಿಯಾಂಕಾ ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು.

ಅಷ್ಟರಲ್ಲಿ ಸೇತುರಾಮರು ಮೊಬೈಲಿನಲ್ಲಿ ಓದಿಕೊಂಡು ಬಂದರು. ಅವರಿಗೆ ಕೆಟ್ಟ ಸುದ್ದಿ ತರುವುದೆಂದರೆ ಹಬ್ಬ. "ಲೇ, ಇದನ್ನ ಕೆಲವು ಕಡೆ ಕೋಳಿ ಪುಕ್ಕದಿಂದ ಮಾಡ್ತಾರಂತೆ ಕಣೇ!"

ವಾರಿಜಮ್ಮ ಕಿವಿ ಮುಚ್ಚಿಕೊಂಡರು. ಪ್ರಿಯಾಂಕಾ ಡಬ್ಬಿ ತಂದು ಹಸಿರು ಚುಕ್ಕೆ ತೋರಿಸಿದಳು. "ಇದು ಪುಕ್ಕದ್ದಲ್ರಿ ಆಂಟಿ, ಗೋವಿನಜ್ವಾಳ, ಅಂದ್ರ ನಿಮ್ಮ ಮುಸುಕಿನ ಜೋಳ, ಹುದುಗು ಹಿಡಿಸಿ ಮಾಡಿದ್ದು."

"ಹುದುಗು ಬಂದಿದ್ದು ಮಡಿಗೆ ಆಗತ್ತಾ?" ಸೇತುರಾಮರು ಮತ್ತೆ ಬಾಯಿ ಹಾಕಿದರು.

"ಬೆಳಿಗ್ಗೆ ಎಂಟು ದೋಸೆ ತಿಂದ್ರಲ್ಲ, ಅದೇನು ಆಕಾಶದಿಂದ ಉದುರಿತ್ತಾ? ಸುಮ್ನೆ ಹೋಗಿ ಪೇಪರ್ ಓದಿ," ಎಂದರು ವಾರಿಜಮ್ಮ.

ಏಕಾದಶಿಯ ಪ್ರಶ್ನೆಯೊಂದು ಉಳಿದಿತ್ತು. ಮಠದ ಆಚಾರ್ಯರಿಗೆ ಫೋನ್ ಮಾಡಿ, ಒಂದು ಪುಡಿ ಇದೆ, ಉಪವಾಸದ ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಆಚಾರ್ಯರು ಅಗಿಯಬೇಕಾ ಎಂದು ಕೇಳಿದರು. ಇಲ್ಲ. ರುಚಿ ಹೇಗೆ? ಕಹಿ. "ಹಾಗಾದ್ರೆ ಔಷಧ. ಧಾರಾಳವಾಗಿ ತೊಗೊಳ್ಳಿ," ಎಂದು ಅಪ್ಪಣೆಯಾಯಿತು.

ಕಹಿ ಎಂದದ್ದು ಸುಳ್ಳಲ್ಲ. ಅಂಗಡಿಯಲ್ಲಿ ಕಲ್ಲಂಗಡಿ ರುಚಿಯದಿತ್ತು, ಹಸಿರು ಸೇಬಿನದಿತ್ತು, ಮಾವಿನಹಣ್ಣಿನದೂ ಇತ್ತು. ಬಣ್ಣ ಹಾಕಿದ್ದು ದೇವರ ಮುಂದೆ ಇಡುವ ಹಾಗಿಲ್ಲ ಎಂದು ಹಠ ಹಿಡಿದು ವಾರಿಜಮ್ಮ ಏನೂ ಬೆರೆಸದ ಬರೀ ಪುಡಿಯನ್ನೇ ತರಿಸಿದರು. "ಅದನ್ನ ಜಿಮ್ಮಿನ್ಯಾಗ ಪೈಲ್ವಾನರೂ ಮೂಗು ಹಿಡ್ಕೊಂಡ ಕುಡೀತಾರ್ರಿ," ಎಂದು ಪ್ರಿಯಾಂಕಾ ಎಚ್ಚರಿಸಿದಳು. ಕೇಳಲಿಲ್ಲ. ಮೊದಲ ದಿನ ಒಂದು ಗುಟುಕು ಕುಡಿದಾಗ, ಹಾಗಲಕಾಯಿಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿ ಕೊಟ್ಟಂತಾಯಿತು. ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ, ಏಕೆಂದರೆ ಅದು ಆಗಲೇ ನೈವೇದ್ಯವಾಗಿತ್ತು.

ಆ ಮನೆಯ ಪದ್ಧತಿಯೇ ಹಾಗೆ. ದೇವರಿಗೆ ತೋರಿಸದೆ ಒಂದು ಲೋಟ ಮಜ್ಜಿಗೆಯೂ ಬಾಯಿಗೆ ಹೋಗುವುದಿಲ್ಲ. ಪ್ರಿಯಾಂಕಾ ಕೊಟ್ಟ ಪ್ಲಾಸ್ಟಿಕ್ ಶೇಕರ್ ಮಡಿಯಲ್ಲವೆಂದು ಅಟ್ಟ ಸೇರಿತು. ಬೆಳ್ಳಿ ಚೊಂಬಿಗೆ ನೀರು, ಅದಕ್ಕೆ ಒಂದು ಚಮಚ ಪುಡಿ. ಪುಡಿ ನೀರಿಗೆ ಬೆರೆಯದೆ ಮೇಲೆ ತೇಲುತ್ತದೆ. ಅದಕ್ಕೆ ಬೆಣ್ಣೆ ತೆಗೆಯುವ ಕಡೆಗೋಲಿನಿಂದ ಐದು ನಿಮಿಷ ಕಡೆಯುವುದು. ನೊರೆ ಏಳುತ್ತದೆ. ನೊರೆಯ ಮೇಲೊಂದು ತುಳಸೀದಳ. ದೇವರೆದುರು ಇಟ್ಟು, ಗಂಟೆ ಬಾರಿಸಿ, ಆಮೇಲೆ ಮೂಗು ಹಿಡಿದು ಒಂದೇ ಉಸಿರಿಗೆ ಗಟಗಟ. ಪೈಲ್ವಾನರ ಪುಡಿಗೆ ಇಂಥ ಮರ್ಯಾದೆ ಬೇರೆಲ್ಲೂ ಸಿಕ್ಕಿರಲಾರದು.

ಬೈಠಕ್ಕು ಸಂಜೆ, ಬಾಗಿಲು ಹಾಕಿಕೊಂಡು. ಮೊದಲು ಮಂಚದ ಅಂಚಿನಿಂದ ಐದು ಸಲ ಎದ್ದು ಕೂರುವುದು, ಆಮೇಲೆ ಸ್ಟೂಲಿನಿಂದ, ಆಮೇಲೆ ಮಣೆಯಿಂದ. "ಮಂಡಿ ಒಳಗ ಬಿಡಬ್ಯಾಡ್ರಿ, ಹಿಮ್ಮಡ ನೆಲಕ್ಕ ಒತ್ರಿ, ಏಳೂವಾಗ ಉಸ್ರು ಬಿಡ್ರಿ!" ಪ್ರಿಯಾಂಕಾ ಎದುರು ನಿಂತು ಎಣಿಸುತ್ತಿದ್ದಳು. ಇಡೀ ಲೇಔಟನ್ನು ಗದರಿಸುವ ವಾರಿಜಮ್ಮ ಆ ಇಪ್ಪತ್ತನಾಲ್ಕರ ಹುಡುಗಿಯ ಮುಂದೆ ಒಂದನೇ ತರಗತಿಯ ಮಗುವಿನಂತೆ ಇರುತ್ತಿದ್ದರು. ಅಷ್ಟು ದಿನ ಶುಕ್ರವಾರದ ಆರತಿಗೆ ಪಕ್ಕದವರ ಸೆರಗು ಸರಿಮಾಡುವ ನೆಪದಲ್ಲಿ ಅವರ ಹೆಗಲು ಹಿಡಿದೇ ಎದ್ದರು, ಮೈತ್ರಿ ಮಾತ್ರ ಅದನ್ನು ಗಮನಿಸಿದ್ದಳು. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ನೆಲದಿಂದ, ಕೈ ಊರದೆ, ಎದ್ದು ನಿಂತರು. ಎದ್ದ ರಭಸಕ್ಕೆ ತಾವೇ ಹೆದರಿ ಮತ್ತೆ ಕೂತರು, ಮತ್ತೆ ಎದ್ದರು. ಪ್ರಿಯಾಂಕಾ ಅವರನ್ನು ತಬ್ಬಿಕೊಂಡಳು. ಆಗ ಮಡಿಯಲ್ಲಿದ್ದರೂ ವಾರಿಜಮ್ಮ ಬೈಯಲಿಲ್ಲ.

ಆದರೆ ಶ್ರೇಯಸ್ಸನ್ನೆಲ್ಲ ಪುಡಿಗೇ ಕೊಟ್ಟರು. ಒಂದು ದಿನ ಡಬ್ಬಿ ಖಾಲಿಯಾಗಿ ಹೊಸದು ಬರುವುದು ತಡವಾದಾಗ, ಇವತ್ತು ನನ್ನಿಂದ ಏಳೋಕಾಗಲ್ಲ ಎಂದು ಮಂಚ ಬಿಡಲೇ ಇಲ್ಲ. "ಎಬ್ಬಸೂದು ನಿಮ್ಮ ಕಾಲ್ರಿ ಆಂಟಿ, ಪುಡಿ ಅಲ್ಲ," ಎಂದು ಪ್ರಿಯಾಂಕಾ ಎಷ್ಟು ಬಡಕೊಂಡರೂ ಅವರ ತಲೆಗೆ ಹೋಗಲಿಲ್ಲ.

ವಾರ್ಷಿಕೋತ್ಸವದ ದಿನ ಬಂತು. ಸಭಾಂಗಣದಲ್ಲಿ ಜಮಖಾನದ ಮೇಲೆ ನಾಲ್ಕು ಮಂಡಳಿಯ ನಾಲ್ಕು ಬಣ್ಣದ ಸೀರೆಗಳು, ಹಿಂದೆ ಕುರ್ಚಿಗಳ ಸಾಲು, ಆ ಸಾಲಿನ ನಡುವೆ ಗಿರಿಜಾದೇವಿ. ಗಂಡಸರಿಗೆ ಎಂದಿನಂತೆ ಬಾಗಿಲ ಬಳಿ ಚಪ್ಪಲಿ ಕಾಯುವ ಕೆಲಸ. ವಾರಿಜಮ್ಮ ಒಳಗೆ ಬರುತ್ತಿದ್ದಂತೆ ಮೈತ್ರಿ ಓಡಿಬಂದಳು.

"ಆಂಟಿ, ನಿಮಗೆ ಅಂತ ಒಂದು ಕುರ್ಚಿ ಹಾಕ್ಸಿದೀನಿ. ಕುಶನ್ ಕೂಡ ಇದೆ. ಸುಮ್ನೆ ಯಾಕೆ ರಿಸ್ಕು ಅಂತ."

"ಕುಶನ್ ಮೇಲೆ ನೀನೇ ಕೂತ್ಕೋಮ್ಮ, ಓಡಾಡಿ ಸುಸ್ತಾಗಿದೀಯ," ಎಂದು ವಾರಿಜಮ್ಮ ಸೀದಾ ದೇವರ ಮಂಟಪದ ಬಳಿಗೆ ಹೋದರು. ಮನೆಯಿಂದಲೇ ಕಡೆದು ತಂದಿದ್ದ ಬೆಳ್ಳಿ ಚೊಂಬನ್ನು ಮಂಟಪದ ಪಕ್ಕದಲ್ಲಿಟ್ಟು, ತುಳಸಿ ಹಾಕಿ ಕೈಮುಗಿದರು. ಕಾರ್ಯಕ್ರಮದ ನಡುವೆ ಒಂದು ವಿರಾಮವಿತ್ತು, ಆಗ ಕುಡಿದರೆ ಆರತಿಯ ಹೊತ್ತಿಗೆ ಕಾಲಿಗೆ ಇಳಿದಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಆಮೇಲೆ ಸೆರಗು ಸುತ್ತಿ, ಜಮಖಾನದ ಮೇಲೆ ಕೂತು, ತಾಳದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡರು.

ಹಾಡುಗಳು ಚೆನ್ನಾಗಿಯೇ ಸಾಗಿದವು. ವಿರಾಮ ಬಂತು. ಬೇರೆ ಮಂಡಳಿಯ ಹಿರಿಯರೊಬ್ಬರು ವಾರಿಜಮ್ಮನವರ ಕೈ ಹಿಡಿದು ಇಪ್ಪತ್ತೈದು ವರ್ಷದ ಅಭಿನಂದನೆ ಹೇಳತೊಡಗಿದರು. ಅವರ ಹೆಗಲ ಪಕ್ಕದಿಂದ ವಾರಿಜಮ್ಮ ಮಂಟಪದ ಕಡೆ ಇಣುಕಿದರು. ಮೈತ್ರಿಯ ಎಡಗೈಯಲ್ಲಿ ಬೆಳ್ಳಿ ಚೊಂಬು, ಬಲಗೈಯಲ್ಲಿ ಉದ್ಧರಣೆ. ದೇವರ ಪಕ್ಕದಲ್ಲಿ ಬೆಳ್ಳಿ ಚೊಂಬು, ಅದರ ಮೇಲೆ ತುಳಸಿ: ತೀರ್ಥವಲ್ಲದೆ ಇನ್ನೇನು? ಸಾಲಾಗಿ ಚಾಚಿದ ಕೈಗಳಿಗೆ ಅವಳು ಒಂದೊಂದು ಉದ್ಧರಣೆ ಬಿಡುತ್ತ ಬರುತ್ತಿದ್ದಳು.

ಕೂಗಿ ತಡೆಯಬಹುದಿತ್ತು. ಏನೆಂದು ಕೂಗುವುದು? ಅದು ತೀರ್ಥ ಅಲ್ಲ, ನನ್ನ ತೊಡೆಗೆ ಬಲ ಬರಲು ಜಿಮ್ಮಿನವರು ಕುಡಿಯುವ ಪುಡಿ ಎಂದೇ? ವಾರಿಜಮ್ಮ ಅಭಿನಂದನೆಗೆ ತಲೆಯಾಡಿಸುತ್ತಲೇ ನಿಂತರು.

ಮೊದಲು ಕುಡಿದಾಕೆಯ ಮುಖ ಮುದುಡಿಕೊಂಡಿತು. ಎರಡನೆಯವರ ಒಂದು ಕಣ್ಣು ತಾನಾಗಿಯೇ ಮುಚ್ಚಿತು. ಮೂರನೆಯವರು ಕೆಮ್ಮಿ, ಕೆಮ್ಮಿನ ನಡುವೆಯೇ ನುಂಗಿದರು. ತೀರ್ಥವನ್ನು ಉಗುಳುವ ಧೈರ್ಯ ಯಾರಿಗಿದೆ? ಎಲ್ಲರೂ ನುಂಗಿ, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡು, ಪಕ್ಕದವರ ಮುಖ ನೋಡಿದರು. ಪಕ್ಕದವರೂ ಏನೂ ಆಗದವರಂತೆ ನಕ್ಕರು. ಆಮೇಲೆ ಯಾರೋ, ಇದು ಧನ್ವಂತರಿ ಹೋಮದ ತೀರ್ಥ ಇರಬೇಕು, ಬೇರುಗಳನ್ನು ಹಾಕಿರುತ್ತಾರೆ, ಎಂದರು. ಅಷ್ಟೇ ಸಾಕಾಯಿತು. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ಸಾಲಿನ ಕೊನೆಗೆ ಮುಟ್ಟುವಾಗ ಸುದ್ದಿ ಬೆಳೆದಿತ್ತು. ಕುಡಿದವರೇ ಮತ್ತೆ ಸಾಲಿಗೆ ಬಂದರು. ಒಬ್ಬಾಕೆ ಮನೆಯವರಿಗೆಂದು ಸಣ್ಣ ಬಾಟಲಿಗೂ ತುಂಬಿಸಿಕೊಂಡಳು.

ಗೋಡೆಗೊರಗಿ ಕೂತಿದ್ದ ಪ್ರಿಯಾಂಕಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ವಾರಿಜಮ್ಮನವರಿಗೆ ನಗು ಎಲ್ಲಿಂದ ಬರಬೇಕು? ಚೊಂಬು ಮರಳಿದಾಗ ಅದರ ತಳದಲ್ಲಿ ತುಳಸಿ ಎಲೆ ಮಾತ್ರ ಅಂಟಿಕೊಂಡಿತ್ತು. ಅವರ ಕಾಲಿನ ಬಲವೆಲ್ಲ ಎಪ್ಪತ್ತು ಹೆಂಗಸರ ಹೊಟ್ಟೆ ಸೇರಿತ್ತು.

ಮಂಗಳಾರತಿಯ ಹಾಡು ಶುರುವಾಯಿತು. ಅದಕ್ಕಿರುವುದು ಮೂರು ನುಡಿ. ಎರಡನೆಯ ನುಡಿ ಮುಗಿಯುವಾಗ ವಾರಿಜಮ್ಮ ಎದ್ದು, ಮೈತ್ರಿ ಹಚ್ಚಿ ಹಿಡಿದಿರುವ ಆರತಿ ತಟ್ಟೆಯನ್ನು ತೆಗೆದುಕೊಳ್ಳಬೇಕು. ಎರಡನೆಯ ನುಡಿ ಮುಗಿಯಿತು. ವಾರಿಜಮ್ಮ ಕಾಲು ಮಡಚಿ, ಹಿಮ್ಮಡ ಒತ್ತಿ, ಒಂದು ಗೇಣು ಎದ್ದರು. ಆಮೇಲೆ ಚೊಂಬು ನೆನಪಾಯಿತು. ಧಪ್ಪನೆ ಕೂತುಬಿಟ್ಟರು. ಬಳೆಯ ಸದ್ದು ಹಿಂದಿನ ಸಾಲಿಗೂ ಕೇಳಿಸಿತು.

ಮೂರನೆಯ ನುಡಿಯೂ ಮುಗಿಯುತ್ತ ಬಂತು. ಮೈತ್ರಿ ತಟ್ಟೆ ಹಿಡಿದುಕೊಂಡೇ ಕಣ್ಣಿನಲ್ಲಿ ಕುರ್ಚಿ ತೋರಿಸಿದಳು. ಇನ್ನೊಂದು ಸಾಲು, ಆಮೇಲೆ ಶಂಖ, ಆಮೇಲೆ ಎಲ್ಲ ಮುಗಿದಂತೆ.

ಆಗ ಹಿಂದಿನ ಕುರ್ಚಿಯ ಸಾಲಿನಿಂದ ಒಂದು ದನಿ ಎದ್ದಿತು. ಗಿರಿಜಾದೇವಿ ನಾಲ್ಕನೆಯ ನುಡಿ ಶುರುಮಾಡಿದ್ದರು. ಮತ್ಸ್ಯಾವತಾರಕ್ಕೆ ಆರತಿ. ಆ ಹಾಡಿಗೆ ನಾಲ್ಕನೆಯ ನುಡಿಯೇ ಇಲ್ಲ ಎಂಬುದು ಮಂಡಳಿಯ ಹದಿನೆಂಟು ಜನಕ್ಕೂ ಗೊತ್ತಿತ್ತು. ಪುಸ್ತಕ ತಿರುವಿ ಹಾಕಿದವರು ಪುಸ್ತಕ ಮುಚ್ಚಿದರು. ಮೂರು ವರ್ಷ ಪಲ್ಲವಿಗಷ್ಟೇ ಕಟ್ಟಿಹಾಕಿದ್ದ ಆ ಕಂಠ ಸಭಾಂಗಣ ತುಂಬಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟುತ್ತ ಪಲ್ಲವಿ ಹಿಡಿದರು.

ಮತ್ಸ್ಯಕ್ಕೆ ವಾರಿಜಮ್ಮ ಉಸಿರು ತಗೊಂಡರು. ಕೂರ್ಮಕ್ಕೆ ಎದ್ದು, ಆಮೆಯಂತೆಯೇ ಕುಸಿದರು. ವರಾಹಕ್ಕೆ ಗೋಡೆಯ ಕಡೆ ನೋಡಿದರು. ಪ್ರಿಯಾಂಕಾ ಈಗ ನಗುತ್ತಿರಲಿಲ್ಲ, ತನ್ನ ಎರಡೂ ತೊಡೆಗಳನ್ನು ತಟ್ಟಿ ತೋರಿಸುತ್ತಿದ್ದಳು. ಮೈತ್ರಿ ಕರ್ಪೂರ ಆರದಂತೆ ಇನ್ನೊಂದು ಬಿಲ್ಲೆ ಹಾಕಿದಳು. ಗಿರಿಜಾದೇವಿ ದನಿಯನ್ನು ಮೇಲಿನ ಷಡ್ಜಕ್ಕೆ ಏರಿಸಿ ನರಸಿಂಹನನ್ನು ಕರೆದರು. ಕಂಬ ಒಡೆಯುವ ಮಾತು ಬಂದಾಗ ವಾರಿಜಮ್ಮ ಹಲ್ಲು ಕಚ್ಚಿ, ಹಿಮ್ಮಡ ಒತ್ತಿ, ಕೈಯನ್ನು ಎದೆಗೆ ಅವುಚಿಕೊಂಡು ಎದ್ದರು. ಪೂರ್ತಿ ಎದ್ದರು. ಕಾಲು ನಡುಗುತ್ತಿತ್ತು, ಆದರೆ ನಿಂತಿತ್ತು. ಹೊಟ್ಟೆಯಲ್ಲಿ ಒಂದು ಚಿಟಿಕೆ ಪುಡಿಯೂ ಇಲ್ಲದೆ ನಿಂತಿತ್ತು.

ದೇವರಿಗೆ ಆರತಿ ಎತ್ತಿದರು. ಆಮೇಲೆ ತಟ್ಟೆ ಮೊದಲು ಮುಂದಿನ ಸಾಲಿಗೆ ಹೋಗಿ, ಕುರ್ಚಿಯವರಿಗೆ ಕೊನೆಗೆ ಬರುವುದು ವಾಡಿಕೆ. ವಾರಿಜಮ್ಮ ಮುಂದಿನ ಸಾಲನ್ನು ದಾಟಿ, ಮಣಿಕಟ್ಟಿನ ತಾಳ ಟಿಣ್ ಟಿಣ್ ಎನ್ನುತ್ತಿರಲು, ನೇರವಾಗಿ ಗಿರಿಜಾದೇವಿಯ ಮುಂದೆ ಹೋಗಿ ನಿಂತರು. ಗಿರಿಜಾದೇವಿ ಎರಡೂ ಅಂಗೈಯಲ್ಲಿ ಆರತಿ ತಗೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಅವತ್ತು ನಂಗೆ ಏಳೋಕೆ ಆಗ್ದೆ ಇದ್ದಾಗ ನೀನು ಮೂರೇ ನುಡಿಗೆ ಮುಗಿಸ್ಬಿಟ್ಟೆ ಕಣೇ, ವಾರಿಜಾ."

ಕೋಪದಿಂದ ಹೇಳಿದ್ದರೆ ವಾರಿಜಮ್ಮ ತಿರುಗಿ ಏನಾದರೂ ಅನ್ನುತ್ತಿದ್ದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆ ಶುಕ್ರವಾರ ಗಿರಿಜಾದೇವಿ ನೆಲದ ಮೇಲೆ ತಡಕಾಡುತ್ತಿದ್ದುದು, ತಾವು ಗಡಿಯಾರ ನೋಡಿ ಶಂಖಕ್ಕೆ ಸನ್ನೆ ಮಾಡಿದ್ದು, ಎಲ್ಲ ಕಣ್ಣಮುಂದೆ ಬಂತು.

"ತಪ್ಪಾಯ್ತು ಕಣೇ ಗಿರಿಜಾ," ಎಂದರು.

ಬಾಗಿಲ ಬಳಿ ನಿಂತಿದ್ದ ಸೇತುರಾಮರು ಪಕ್ಕದವರ ತೋಳು ಹಿಡಿದು, "ಈಗ ಏನಂದ್ಳು, ಏನಂದ್ಳು?" ಎಂದು ಎರಡು ಸಲ ಕೇಳಿದರು. ನಲವತ್ತೊಂದು ವರ್ಷದ ಸಂಸಾರದಲ್ಲಿ ಆ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

"ಬರೀ ತಪ್ಪಾಯ್ತು ಅಂದ್ರೆ ಸಾಲ್ದು," ಎಂದರು ಗಿರಿಜಾದೇವಿ. "ದೇವರಿಗೆ ನಾಲ್ಕು ಅವತಾರ ಹೇಳಿ ಅರ್ಧಕ್ಕೆ ಬಿಡೋ ಹಾಗಿಲ್ಲ. ಇನ್ನೂ ಆರು ಬಾಕಿ ಇದೆ. ನಂಗೆ ಉಸಿರಿಲ್ಲ, ನೀನೇ ಕಟ್ಟಿ ಹೇಳು. ನಿಂತ್ಕೊಂಡು."

ವಾರಿಜಮ್ಮ ತಟ್ಟೆಯನ್ನು ಮೈತ್ರಿಗೆ ದಾಟಿಸಿದರು. ಮಣಿಕಟ್ಟಿಗೆ ಸುತ್ತಿದ್ದ ದಾರವನ್ನು ಬಿಚ್ಚಿ, ತಾಳವನ್ನು ಕುರ್ಚಿಯಲ್ಲಿ ಕೂತಿದ್ದ ಗಿರಿಜಾದೇವಿಯ ಎರಡೂ ಕೈಯಲ್ಲಿ ಇಟ್ಟರು. ಗಿರಿಜಾದೇವಿ ಒಮ್ಮೆ ತಟ್ಟಿ ನೋಡಿ, ಕಾಲ ಹಿಡಿದರು. ವಾರಿಜಮ್ಮ ಕುರ್ಚಿಯ ಪಕ್ಕದಲ್ಲಿ ನಿಂತು, ಅವರ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತ, ವಾಮನನಿಂದ ಶುರುಮಾಡಿದರು.